ಐದಕ್ಷರದ ಪಟ್ಟಿ ಗೋಡೆಯಿಂದ ಕಿತ್ತು ಹಾಕು

ಮಡಿಕೇರಿ, ಜುಲೈ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ಮಗಳಿಗೆ ಐದಕ್ಷರದ ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡಿಸುತ್ತಿದ್ದೀಯಂತೆ. 'ಎ' ಇರುವ ಪದಗಳು ಒಂದು ಕಡೆ, 'ವೈ'ನಲ್ಲಿ ಮುಗಿಯುವವು ಇನ್ನೊಂದು ಕಡೆ ಅಂತ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೀಯಂತೆ. ಮೊದಲು ಅದನ್ನು ಕಿತ್ತು ಹಾಕು ಮಾರಾಯಾ. ವರ್ಡಲ್‌ನಂಥ ಪದದ ಆಟದಲ್ಲಿ ಕಲಿಯಬಹುದಾದ್ದನ್ನು ಯಾಕೆ ಮಗ್ಗಿ ಮಾಡುತ್ತೀಯ?

ಕಾಲೇಜಿನಲ್ಲಿ ಕೊನೇ ಬೆಂಚಲ್ಲಿ ಕೂತು ನಾವು ಆಡುತ್ತಿದ್ದ ಕೌಸ್ ಅಂಡ್ ಬುಲ್ಸ್ ನೆನಪಿದೆ ಅಲ್ವಾ? ಒಬ್ಬ ನಾಲ್ಕಕ್ಷರದ ಪದ ಮನಸ್ಸಲ್ಲಿ ಇಟ್ಟುಕೊಳ್ಳುವುದು, ಇನ್ನೊಬ್ಬ ಹುಡುಕುವುದು. ಅಕ್ಷರವೂ ಸರಿ, ಜಾಗವೂ ಸರಿ ಅಂದರೆ ಬುಲ್. ಅಕ್ಷರ ಇದೆ, ಜಾಗ ಬೇರೆ ಅಂದರೆ ಕೌ. ಅದರ ಹತ್ತಿರದ ಸಂಬಂಧಿಯೇ ಈಗಿನ ವರ್ಡಲ್. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಐದಕ್ಷರದ ಪದ ಊಹಿಸುವುದು, ಬುಲ್ ಆದರೆ ಅಕ್ಷರಕ್ಕೆ ಹಸಿರು ಬಣ್ಣ, ಕೌ ಆದರೆ ಹಳದಿ. ಅಮೆರಿಕದಲ್ಲಿದ್ದ ಜಾಶ್ ವಾರ್ಡಲ್ ಅನ್ನುವ ಇಂಜಿನಿಯರ್ ತನ್ನ ಸಂಗಾತಿ ಪಲಕ್ ಶಾಗೋಸ್ಕರ ಮಾಡಿದ ಆಟ ಅದು. ಎಲ್ಲರಿಗೂ ಸಿಕ್ಕಿದ್ದು 2021ರ ಅಕ್ಟೋಬರಿನಲ್ಲಿ. 2022ರ ಜನವರಿಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೊಂಡುಕೊಂಡಿತು. ಐದಕ್ಷರದ ಸುಮಾರು 12,000 ಪದಗಳನ್ನು ಪಲಕ್ ಸೋಸಿ, ಜನರಿಗೆ ಗೊತ್ತಿರುವ ಸುಮಾರು 2,500 ಉಳಿಸಿಕೊಟ್ಟರಂತೆ. ನಿನ್ನ ಗೋಡೆಗಿಂತ ಅದೇ ಒಳ್ಳೇ ಪಟ್ಟಿ ಬಿಡು.

ಇಲ್ಲಿ ಈಗ ಮಳೆ ಗೊತ್ತಲ್ಲ. ಯಾವುದೋ ಮರ ಲೈನಿನ ಮೇಲೆ ಬಿದ್ದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಗ ಅಣ್ಣನ ಮಕ್ಕಳ ಜೊತೆ ಪೇಪರ್, ಪೆನ್ಸಿಲ್ ಹಿಡಿದು ಇದನ್ನೇ ಆಡುತ್ತೇನೆ. ಆಡುವಾಗ ಒಂದು ವಿಷಯ ಕಂಡಿತು. ನಮ್ಮ ಮಕ್ಕಳು ಇಂಗ್ಲಿಷನ್ನೂ ಕಿವಿಯಿಂದ ಬರೆಯುತ್ತಾರೆ. ಕನ್ನಡದಲ್ಲಿ ಅದು ನಡೆಯುತ್ತದೆ. 'ಕತೆ'ಗೂ 'ಕತ್ತೆ'ಗೂ ಇರುವ ವ್ಯತ್ಯಾಸ ಕಿವಿಗೇ ಬೀಳುತ್ತದೆ. ಇಂಗ್ಲಿಷಿನ ಜೋಡಿ ಅಕ್ಷರ ಕೇಳಿಸುವುದೇ ಇಲ್ಲ. ಕಾಫಿಗೆ ಎರಡು ಎಫ್, ಎರಡು ಇ. ಪೆಪ್ಪರ್‌ಗೆ ಮೂರು ಪಿ. ಬರೀ ಕೇಳಿ ಇದನ್ನು ಯಾರು ಬರೆದಾರು? ಅಂದಹಾಗೆ ಕಾಫಿ, ಪೆಪ್ಪರ್, ಆರೆಂಜ್, ನಮ್ಮ ತೋಟದ ಈ ಮೂರೂ ಇಂಗ್ಲಿಷಿನಲ್ಲಿ ಆರಕ್ಷರದವೇ. ಅದರಲ್ಲಿ ಒಂದಕ್ಷರವೂ ಎರಡನೇ ಸಲ ಬಾರದ್ದು ಆರೆಂಜ್ ಮಾತ್ರ. ಕೂರ್ಗ್ ಸರಿಯಾಗಿ ಐದಕ್ಷರ, ಆದರೆ ಊರಿನ ಹೆಸರು ಆಟಕ್ಕೆ ನಡೆಯಲ್ಲ!

ಹಾಗಾಗಿ ಇದು ಕಣ್ಣಿನ ಆಟ. ಮಗಳಿಗೆ ಅರ್ಥ ಜಾಸ್ತಿ ಗೊತ್ತಿರಬೇಕಾಗಿಲ್ಲ, ಅಕ್ಷರಗಳು ಎಲ್ಲೆಲ್ಲಿ ಕೂರುತ್ತವೆ ಅನ್ನುವುದು ಕಾಣಬೇಕು. ಸ್ಲೇಟ್‌ನಿಂದ ಶುರು ಮಾಡಿಸು. ಎಸ್, ಎಲ್, ಎ, ಟಿ, ಇ. ಇದೇ ಐದನ್ನು ಅದಲುಬದಲು ಮಾಡಿದರೆ ಹಳಸಿದ್ದಕ್ಕೆ ಹೇಳುವ ಸ್ಟೇಲ್, ಕದಿಯುವ ಸ್ಟೀಲ್, ಲೀಸ್ಟ್, ಟೇಲ್ಸ್ ಎಲ್ಲ ಬರುತ್ತವೆ. ಇ, ಎ ಪಕ್ಕಪಕ್ಕ ಬಂದಾಗ ಹೆಚ್ಚಾಗಿ 'ಈ' ಅನ್ನುವ ಉಚ್ಚಾರ ಅಂತ ಬೇರೆ ಪಾಠ ಮಾಡಬೇಕಾಗಿಲ್ಲ, ಅವಳಿಗೇ ಹೊಳೆಯುತ್ತದೆ. ಮೊದಲ ಊಹೆಗೂ ಸ್ಲೇಟ್ ಒಳ್ಳೆಯದು, ಐದೂ ಹೆಚ್ಚು ಓಡಾಡುವ ಅಕ್ಷರಗಳು. ಯಾವುದು ಹೆಚ್ಚು, ಯಾವುದು ಕಮ್ಮಿ ಅಂತ ತಿಳಿಯಲು ಅಕ್ಷರದ ಬಿಲ್ಲೆ ಜೋಡಿಸಿ ಪದ ಮಾಡುವ ಸ್ಕ್ರಾಬಲ್ ಆಟದ ಡಬ್ಬಿ ತೆಗೆದು ಬಿಲ್ಲೆ ಎಣಿಸಲಿ. 100 ಬಿಲ್ಲೆಯಲ್ಲಿ ಇ ಒಂದೇ 12, ಕ್ಯೂ ಒಂದೇ ಒಂದು. ಅದನ್ನು ಮಾಡಿದ ಆಲ್ಫ್ರೆಡ್ ಬಟ್ಸ್ ಅನ್ನುವ ಆರ್ಕಿಟೆಕ್ಟ್ ಕೆಲಸ ಕಳೆದುಕೊಂಡಿದ್ದ ದಿನಗಳಲ್ಲಿ ನ್ಯೂಸ್‌ಪೇಪರ್ ಹಿಡಿದು ಅಕ್ಷರ ಎಣಿಸಿದ್ದ.

ಕ್ಯೂ ಬಂದರೆ ಪಕ್ಕದಲ್ಲಿ ಯು ಇರಲೇಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ಆದರೆ ಬುರ್ಖಾ, ತಲಾಖ್, ಫಕೀರ್, ಈ ಮೂರನ್ನೂ ಯು ಜೊತೆಗಿಲ್ಲದ ಕ್ಯೂ ಹಾಕಿ ಐದಕ್ಷರದಲ್ಲಿ ಬರೆಯುತ್ತಾರೆ. ಸ್ಕ್ರಾಬಲ್‌ನಲ್ಲಿ ಒಪ್ಪುತ್ತಾರೆ. ಅಮೆರಿಕದ ಹುಡುಗರಿಗಿಂತ ನಮ್ಮ ಪೇಟೆಯ ಮಕ್ಕಳಿಗೇ ಇವು ಪರಿಚಯ ಜಾಸ್ತಿ.

ಇನ್ನು ಎಲ್ಲರೂ ಬೀಳುವ ಗುಂಡಿ ಒಂದಿದೆ. ಕೊನೆಯ ನಾಲ್ಕು ಅಕ್ಷರ ಐ, ಜಿ, ಎಚ್, ಟಿ ಅಂತ ಸಿಕ್ಕಿತು ಅಂದುಕೋ. ಗೆದ್ದೇ ಬಿಟ್ಟೆ ಅನ್ನಿಸುತ್ತದೆ. ಆದರೆ ಲೈಟ್, ನೈಟ್, ರೈಟ್, ಫೈಟ್, ಮೈಟ್, ಸೈಟ್, ಟೈಟ್, ಕೊನೆಗೆ ಎಂಟು ಅನ್ನುವ ಏಟ್ ಕೂಡ ಅಲ್ಲೇ ಕೂತಿದೆ. ವರ್ಡಲ್‌ನಲ್ಲಿ ಇರುವುದೇ ಆರು ಅವಕಾಶ. ಒಂದೊಂದೇ ಹಾಕುತ್ತಾ ಹೋದರೆ ಮುಗಿಯಿತು ಕತೆ. ಅಲ್ಲಿ 'ಫಿಲ್ಮ್ಸ್' ಅಂತ ಹಾಕಬೇಕು. ಅದು ಉತ್ತರ ಅಲ್ಲ ಅಂತ ಗೊತ್ತಿದ್ದೇ ಹಾಕುವುದು. ಎಫ್, ಎಲ್, ಎಂ, ಎಸ್ ನಾಲ್ಕನ್ನೂ ಒಂದೇ ಏಟಿಗೆ ಪರೀಕ್ಷೆ ಮಾಡಿದ ಹಾಗಾಯಿತು. ಆ ನಾಲ್ಕರಲ್ಲಿ ಒಂದಕ್ಕೆ ಬಣ್ಣ ಬಂದರೆ ಉತ್ತರ ಕೈಯಲ್ಲಿ. ಯಾವುದಕ್ಕೂ ಬರದಿದ್ದರೆ ಉಳಿದದ್ದು ನೈಟ್, ರೈಟ್, ಟೈಟ್, ಏಟ್. ಹಾರ್ಡ್ ಮೋಡ್‌ನಲ್ಲಿ ಈ ಉಪಾಯ ನಡೆಯಲ್ಲ, ಸಿಕ್ಕಿದ ಅಕ್ಷರ ಬಿಡುವ ಹಾಗಿಲ್ಲ. ಮಕ್ಕಳಿಗೆ ಅದು ಬೇಡ. ಪಟ್ಟಿ ಬಾಯಿಪಾಠ ಮಾಡಿದವರಿಗೆ ಇದು ಹೊಳೆಯಲ್ಲ ನೋಡು. ಬೇಕಂತಲೇ ತಪ್ಪು ಉತ್ತರ ಕೊಡುವ ಧೈರ್ಯ ಪಟ್ಟಿಯಿಂದ ಬರಲ್ಲ.

ವೈನಲ್ಲಿ ಮುಗಿಯುವ ಪದ ಬೇಕಿದ್ದರೆ ಮಗಳನ್ನು ಈ ತಿಂಗಳು ಇಲ್ಲಿಗೆ ಕಳಿಸು. ರೈನಿ, ಮಿಸ್ಟಿ, ವಿಂಡಿ, ಫಾಗಿ, ಮಡ್ಡಿ, ಒದ್ದೆಮುದ್ದೆಗೆ ಹೇಳುವ ಸಾಗಿ. ಎಲ್ಲವೂ ಐದಕ್ಷರ, ಎಲ್ಲವೂ ನಮ್ಮ ಅಂಗಳದಲ್ಲೇ ಇವೆ. ಜೊತೆಗೆ ಲೀಚ್ ಉಚಿತ. ಅದೂ ಐದಕ್ಷರವೇ, ಕಾಲಿಗೆ ಹತ್ತಿದರೆ ಸ್ಪೆಲ್ಲಿಂಗ್ ಜನ್ಮಕ್ಕೆ ಮರೆಯಲ್ಲ.

ಅವಳಿಗೊಂದು ಪದ ಇಟ್ಟಿದ್ದೇನೆ. ಐದಕ್ಷರ. ಶುರು ಬಿ, ಕೊನೆ ವೈ, ನಡುವೆ ಒಂದು ಜೋಡಿ. ತೋಟದಲ್ಲಿ ಈಗ ಹಸಿರಾಗಿದೆ, ನವೆಂಬರ್ ಹೊತ್ತಿಗೆ ಕೆಂಪಾಗುತ್ತದೆ. ಇದರೊಳಗೆ ಕೊರೆಯುವ ಹುಳದ ಹೆಸರು ಕೇಳಿದರೆ ಬೆಳೆಗಾರರಿಗೆ ನಿದ್ದೆ ಬರಲ್ಲ. ಉತ್ತರ ಅವಳೇ ಬರೆದು ಕಳಿಸಲಿ, ನೀನು ಬಾಯಿ ಬಿಡಬೇಡ.

ಇಂತಿ ನಿನ್ನ
ಗೆಳೆಯ