ಪ್ಯಾನೆಲ್ ನಮ್ಮದು, ಸೆಲ್ ಯಾರದ್ದು?

ಮಾನ್ಯರೇ,

ಕಳೆದ ತಿಂಗಳು ತಾರಸಿಗೆ ಸೋಲಾರ್ ಪ್ಯಾನೆಲ್ ಹಾಕಿಸಿದೆವು. ಸಬ್ಸಿಡಿಯ ಓಡಾಟ ಬೇಡವೆಂದು ಪೂರ್ತಿ ದುಡ್ಡು ನಾವೇ ಕೊಟ್ಟದ್ದು. ಹಿಂಬದಿಯ ಚೀಟಿಯಲ್ಲಿ ‘ಭಾರತದಲ್ಲಿ ತಯಾರಾದದ್ದು’ ಎಂದಿತ್ತು. ಫಿಟ್ ಮಾಡಲು ಬಂದ ಹುಡುಗನಿಗೆ, ‘ಒಳಗಿನ ಈ ಕಪ್ಪು ಬಿಲ್ಲೆಗಳೂ ಇಲ್ಲಿಯವೇನಪ್ಪಾ?’ ಎಂದೆ. ‘ಅವು ಚೀನಾದ್ದು ಸಾರ್, ಗಾಜು, ಫ್ರೇಮು ಕೂರಿಸೋದಷ್ಟೇ ಇಲ್ಲಿ’ ಎಂದು ನಕ್ಕ. ಬಿಸಿಲನ್ನು ಕರೆಂಟ್ ಮಾಡುವ ಆ ಬಿಲ್ಲೆಗಳೇ ಸೆಲ್.

ಎಲ್ಲ ಇಲ್ಲೇ ತಯಾರಾಗಲೆಂದು 2022ರ ಏಪ್ರಿಲ್‌ನಿಂದ ಆಮದು ಪ್ಯಾನೆಲ್‌ಗೆ ಶೇ 40, ಸೆಲ್‌ಗೆ ಶೇ 25 ಸುಂಕ ಬಿತ್ತು. ಉತ್ಪಾದನೆ ಆಧಾರಿತ ಪ್ರೋತ್ಸಾಹಧನಕ್ಕೆ ಕೇಂದ್ರ ಎರಡು ಕಂತಿನಲ್ಲಿ ₹24,000 ಕೋಟಿ ತೆಗೆದಿಟ್ಟಿತು. ಜೋಡಣೆ ಕಾರ್ಖಾನೆಗಳೇನೋ ಅಣಬೆಯಂತೆ ಎದ್ದವು. ಸೆಲ್ ಕಾರ್ಖಾನೆ ಅಷ್ಟಿಲ್ಲ. ಅದಕ್ಕೂ ಮೂಲವಾದ ವೇಫರ್ (ಸಿಲಿಕಾನ್‌ನ ತೆಳು ಹಾಳೆ), ಅದಕ್ಕೆ ಬೇಕಾದ ಪಾಲಿಸಿಲಿಕಾನ್‌ಗಂತೂ (ಶುದ್ಧಗೊಳಿಸಿದ ಸಿಲಿಕಾನ್) ಬಹುಪಾಲು ಚೀನಾದ ಕಡೆಗೇ ನೋಡಬೇಕು. ಸಿಲಿಕಾನ್ ಕರಗುವುದು 1,414 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು ಕರಗಿಸುವ ಕುಲುಮೆಗೆ ಹಗಲು ರಾತ್ರಿ ಕರೆಂಟ್ ಬೇಕು, ಅದೂ ಅಗ್ಗದ್ದು. ನಮ್ಮವರು ಎಡವುತ್ತಿರುವುದು ಇಲ್ಲೇ.

ಟಾಟಾ ಬಿಪಿ ಸೋಲಾರ್ ಕಂಪನಿ 1989ರಲ್ಲೇ ಬೆಂಗಳೂರಿನಲ್ಲಿ ಶುರುವಾಗಿತ್ತು. ಮೂರು ದಶಕ ದಾಟಿಯೂ ನಾವಿನ್ನೂ ಸೆಲ್ ತರಿಸುತ್ತಿದ್ದೇವೆ! ಪಾವಗಡದ ರೈತರು ಸುಮಾರು 13,000 ಎಕರೆ ಗುತ್ತಿಗೆಗೆ ಕೊಟ್ಟು 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್‌ಗೆ ಜಾಗ ಮಾಡಿಕೊಟ್ಟರು. ಅವರ ಮಕ್ಕಳಿಗೆ ಪ್ಯಾನೆಲ್ ಒರೆಸುವ, ಕಾಯುವ ಕೆಲಸಕ್ಕಿಂತ ಮೇಲಿನದು ಬೇಡವೇ?

ವೇಫರ್ ಘಟಕ ಹಾಕುವವರಿಗೆ ರಾಜ್ಯ ಸರ್ಕಾರ ಹತ್ತು ವರ್ಷಕ್ಕಾದರೂ ವಿದ್ಯುತ್ ದರ ನಿಗದಿ ಮಾಡಲಿ. ಪ್ಯಾನೆಲ್‌ನ ಚೀಟಿಯಲ್ಲಿ ಸೆಲ್ ಯಾವ ದೇಶದ್ದೆಂಬುದೂ ಗ್ರಾಹಕನ ಕಣ್ಣಿಗೆ ಕಾಣುವಷ್ಟು ದಪ್ಪಕ್ಷರದಲ್ಲಿ ಇರಲಿ.

– ಒಬ್ಬ ಓದುಗ, ಮಧುಗಿರಿ