ಸೆನೆಕನನ್ನು ಓದಿದ ಮಗುವಿಗೆ

ಚಿರಂಜೀವಿ ಮಗುವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಅಜ್ಜಿ ತೀರಿಕೊಂಡ ದಿನವೂ ನೀನು ಕಣ್ಣೀರು ಹಾಕಲಿಲ್ಲವೆಂದೂ ಅದು ಸೆನೆಕನನ್ನು ಓದಿದ ಫಲವೆಂದೂ ಬರೆದಿದ್ದೀಯೆ. ಓದಿ ಮನಸ್ಸಿಗೆ ಕಳವಳವಾಯಿತು. ಸುಖದುಃಖಗಳಿಗೆ ಅಲುಗದ ಮನಸ್ಸೇ ಶ್ರೇಷ್ಠವೆಂದ, ಸೆನೆಕನಂಥ ಪ್ರಾಚೀನ ದಾರ್ಶನಿಕರಾದ ಸ್ಟೋಯಿಕರನ್ನು ಬಿಟ್ಟುಬಿಡು ಎಂದು ನಾನು ಹೇಳುವುದಿಲ್ಲ; ಅವರನ್ನು ಗೌರವಿಸಿಯೇ ತಿದ್ದಿದವರನ್ನೂ ಓದು ಎನ್ನುತ್ತೇನೆ.

ನೆದರ್ಲೆಂಡ್ಸ್ ದಂಗೆಯಲ್ಲಿ ಬೇಯುತ್ತಿದ್ದಾಗ ವಿದ್ವಾಂಸ ಜಸ್ಟಸ್ ಲಿಪ್ಸಿಯಸ್ 1584ರಲ್ಲಿ ಸ್ಥೈರ್ಯವನ್ನು ಕುರಿತ ಸಂವಾದವೊಂದನ್ನು ಪ್ರಕಟಿಸಿ, ಬದಲಿಸಬೇಕಾದದ್ದು ಊರನ್ನಲ್ಲ, ಮನಸ್ಸನ್ನು ಎಂದು ವಾದಿಸಿದನು. ಸ್ಟೋಯಿಕ್ ವಿಚಾರವನ್ನು ಕ್ರೈಸ್ತ ಶ್ರದ್ಧೆಯೊಡನೆ ಹೊಂದಿಸಿದನು. ವಿಧಿಯನ್ನು ಗೆಲ್ಲುವುದಕ್ಕಿಂತ ತನ್ನನ್ನೇ ಗೆಲ್ಲಲು ಯತ್ನಿಸಬೇಕೆಂದು ಫ್ರೆಂಚ್ ದಾರ್ಶನಿಕ ಡೇಕಾರ್ಟ್ 1637ರಲ್ಲಿ ಬರೆದ ನಿಯಮವೂ ಅದೇ ಮನೆತನದ್ದು.

ಆದರೆ ನೀನು ಮುಖ್ಯವಾಗಿ ಗಮನಿಸಬೇಕಾದದ್ದು ಡೇಕಾರ್ಟನಿಗೂ ರಾಜಕುಮಾರಿ ಎಲಿಜಬೆತ್‌ಳಿಗೂ ನಡುವೆ ನಡೆದ 1645ರ ಪತ್ರಗಳನ್ನು. ತಂದೆ ಬೊಹೀಮಿಯಾದ ಸಿಂಹಾಸನವನ್ನು ಕಳೆದುಕೊಂಡ ಮೇಲೆ ಹೇಗ್ ನಗರದಲ್ಲಿ ದೇಶಭ್ರಷ್ಟಳಾಗಿ ಬಾಳುತ್ತಿದ್ದ ಎಲಿಜಬೆತ್ ಆ ವರ್ಷ ಜ್ವರದಿಂದಲೂ ಮನೆಯವರ ಕಷ್ಟಗಳಿಂದಲೂ ಬಳಲಿದ್ದಳು. ಅವಳಿಗೆ ಡೇಕಾರ್ಟ್ ಸುಖಜೀವನವನ್ನು ಕುರಿತ ಸೆನೆಕನ ಗ್ರಂಥವನ್ನು ಸೂಚಿಸಿದನು. ಬಳಿಕ ತಾನೇ, ಸೆನೆಕನ ವಿವರಣೆ ಸಾಕಷ್ಟು ನಿಖರವಾಗಿಲ್ಲವೆಂದು ಒಪ್ಪಿಕೊಂಡು ತನ್ನ ವಿಚಾರವನ್ನು ಬರೆದನು. ಎಲಿಜಬೆತ್ ಅಷ್ಟಕ್ಕೆ ಸುಮ್ಮನಾಗಲಿಲ್ಲ. ವಿವೇಚಿಸುವ ಶಕ್ತಿಯನ್ನೇ ಕಸಿದುಕೊಳ್ಳುವ ರೋಗಗಳಿವೆಯಲ್ಲ, ಅವುಗಳಿಗೆ ಸಿಕ್ಕಿದವನ ಸುಖ ಅವನ ಸಂಕಲ್ಪದ ಕೈಯಲ್ಲಿದೆ ಎನ್ನುವುದು ಹೇಗೆ ಎಂದು ಕೇಳಿದಳು. ನನ್ನ ದೃಷ್ಟಿಯಲ್ಲಿ ಆ ಒಂದು ಪ್ರಶ್ನೆ ಎಷ್ಟೋ ಗ್ರಂಥಗಳಿಗೆ ಸಮ, ಏಕೆಂದರೆ ಅದು ಹಾಸಿಗೆ ಹಿಡಿದವರ ನೋವನ್ನು ಬಲ್ಲವಳ ಪ್ರಶ್ನೆ. ತಮ್ಮ ಜ್ಞಾನಿ ಕಲ್ಲಿನಂತಿರಬೇಕೆನ್ನುವ ಕ್ರೂರ ತತ್ತ್ವಜ್ಞಾನಿಗಳ ಗುಂಪಿಗೆ ತಾನು ಸೇರಿದವನಲ್ಲವೆಂದು ಡೇಕಾರ್ಟ್ ಅದೇ ವರ್ಷ ಅವಳಿಗೆ ಬರೆದಿದ್ದನು. ಭಾವಗಳನ್ನು ಕುರಿತ ತನ್ನ 1649ರ ಗ್ರಂಥದಲ್ಲಿ, ಅವೆಲ್ಲವೂ ಸ್ವಭಾವತಃ ಒಳ್ಳೆಯವೇ, ಅವುಗಳ ದುರುಪಯೋಗವನ್ನೂ ಅತಿರೇಕವನ್ನೂ ಮಾತ್ರ ತಪ್ಪಿಸಬೇಕು ಎಂದನು.

ಆತ್ಮಸಂಯಮವನ್ನು ಅಷ್ಟೊಂದು ಮೆಚ್ಚಿದ ಸ್ಕಾಟ್ಲೆಂಡಿನ ದಾರ್ಶನಿಕ ಆಡಂ ಸ್ಮಿತ್ ಕೂಡ, ನೈತಿಕ ಭಾವನೆಗಳನ್ನು ಕುರಿತ ತನ್ನ ಗ್ರಂಥದ 1790ರ ಪರಿಷ್ಕೃತ ಆವೃತ್ತಿಯಲ್ಲಿ, ಹತ್ತಿರದವರ ದುಃಖದ ಮುಂದೆ ಸ್ಟೋಯಿಕರ ನಿರ್ಲಿಪ್ತತೆ ಎಂದೂ ಹಿತವೆನಿಸದು ಎನ್ನುತ್ತಾನೆ. ಇಂಥಲ್ಲಿ ಸ್ಟೋಯಿಕ್ ಗುರುಗಳಾದ ಜೀನೋ, ಎಪಿಕ್ಟೆಟಸರಿಗಿಂತ ಕವಿಗಳೂ ಕಾದಂಬರಿಕಾರರೂ ಉತ್ತಮ ಗುರುಗಳೆಂಬುದು ಅವನ ಮಾತು.

ಮೊದಲು ಎಲಿಜಬೆತ್‌ಳ ಪತ್ರಗಳನ್ನು ಓದು, ಅನಂತರ ಡೇಕಾರ್ಟನ ಉತ್ತರಗಳನ್ನು. ಅಜ್ಜಿಯ ವೈಕುಂಠ ಸಮಾರಾಧನೆಗೆ ಎರಡು ದಿನ ಮುಂಚೆಯೇ ಊರಿಗೆ ಬಾ. ನಿನ್ನ ಅಮ್ಮ ಇನ್ನೂ ಸರಿಯಾಗಿ ಊಟ ಮಾಡುತ್ತಿಲ್ಲ, ಅವಳ ಪಕ್ಕದಲ್ಲಿ ಕುಳಿತುಕೊ.

ಇಂತಿ ನಿನ್ನ ಪ್ರೀತಿಯ,
ದೊಡ್ಡಪ್ಪ