ವೇದಾವತಿಯ ಚಿತ್ರಗಳಿಗೆ ಜಾಗ ಗುರುತಿಸಿಕೊಟ್ಟವರಿಗೆ

ಹಿರಿಯೂರಿನಲ್ಲಿ ಏರ್ಪಡಿಸಿದ್ದ ವೇದಾವತಿ ಕಣಿವೆಯ ಹಳೆಯ ಛಾಯಾಚಿತ್ರಗಳ ಪ್ರದರ್ಶನ ಮೊನ್ನೆ ಭಾನುವಾರ ಮುಗಿಯಿತು. ಅತಿಥಿಗಳ ಭಾಷಣ ಸಾವಧಾನವಾಗಿ ಸಾಗಿದ್ದರಿಂದ ವಂದನಾರ್ಪಣೆಗೆ ಹೊತ್ತೇ ಉಳಿಯಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಾತ ತೆಗೆದ ಗಾಜಿನ ನೆಗೆಟಿವ್‌ಗಳು ಅಟ್ಟದ ಟ್ರಂಕಿನಲ್ಲಿದ್ದವು. ಅಂಚಿನಲ್ಲಿ ಚಿತ್ರದ ಲೇಪದೊಳಗಿನ ಬೆಳ್ಳಿ ಮೇಲೆದ್ದು ಕನ್ನಡಿಯಂತೆ ಹೊಳೆಯುತ್ತಿತ್ತು. ದಾವಣಗೆರೆಯ ಸ್ಟುಡಿಯೊ ಗೆಳೆಯರು ಚಿತ್ರವಿರುವ ಮಂಕು ಬದಿಗೆ ಬೆರಳು ತಾಗಿಸದೆ, ನುಣುಪು ಬದಿಯ ದೂಳನ್ನಷ್ಟೇ ಒರೆಸಿ, ಹಿಂದಿನಿಂದ ಬೆಳಕು ಬಿಟ್ಟು ಒಂದೊಂದನ್ನೇ ಸ್ಕ್ಯಾನ್ ಮಾಡಿದರು. ದುಡ್ಡು ಕೊಡಲು ಹೋದರೆ ಬೈದರು.

ಚಿತ್ರಗಳೇನೋ ಉಳಿದವು, ಅಡಿಬರಹಕ್ಕೆ ಏನು ಮಾಡುವುದು? ತಾತ ಒಂದಕ್ಷರವನ್ನೂ ಬರೆದಿಟ್ಟಿರಲಿಲ್ಲ. ಆಗ ಕೈಹಿಡಿದವರು ಒಬ್ಬ ಹಿರಿಯ ನೀರಗಂಟಿ, ಎಂದರೆ ಹೊಲಗದ್ದೆಗಳಿಗೆ ನೀರು ಹಂಚುವವರು. ಹೆಸರು ಹಾಕಬೇಡಿ ಎಂದಿದ್ದಾರೆ. ಅವರು ಹೊಳೆಯ ಕಡೆ ನೋಡಲೇ ಇಲ್ಲ, ಹಿಂದಿನ ಗುಡ್ಡಸಾಲಿನ ಏರಿಳಿತದ ಮೇಲೆ ಬೆರಳಾಡಿಸುತ್ತಾ, "ಹೊಳೆ ಪಾತ್ರ ಬದಲಿಸುತ್ತದೆ, ತೋಟ ಬದಲಾಗುತ್ತದೆ, ಗುಡ್ಡ ಎಲ್ಲಿಗೆ ಹೋದೀತು?" ಎಂದು ಒಂದೊಂದು ಜಾಗವನ್ನೂ ಹೇಳುತ್ತಾ ಹೋದರು.

ವೇದಾವತಿಗೆ ಕಟ್ಟಿದ ಮಾರಿಕಣಿವೆ (ವಾಣಿ ವಿಲಾಸ ಸಾಗರ) ಜಲಾಶಯದ ಕೋಡಿಯಲ್ಲಿ ನೀರು ಧುಮುಕುವ ಚಿತ್ರವೊಂದಿದೆ. 1950ರ ಆಸುಪಾಸಿನದು ಎಂದು ಮೇಷ್ಟ್ರೊಬ್ಬರು ವಾದಿಸಿದರು. ನಮ್ಮ ನೀರಗಂಟಿ ಒಪ್ಪಲಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯ 1933ರಲ್ಲಿ 130 ಅಡಿಯ ಪೂರ್ಣಮಟ್ಟ ದಾಟಿ ತುಂಬಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. "ನಡುವೆ ನೀವೇನು ಕೊಡದಲ್ಲಿ ತುಂಬಿಸಿದಿರಾ ಸ್ವಾಮಿ?" ಎಂದು ಕೇಳಿದರು. ಮೇಷ್ಟ್ರು ನಕ್ಕು ಸೋಲೊಪ್ಪಿದರು. '1933 ಅಥವಾ ಅದಕ್ಕೂ ಮೊದಲು' ಎಂಬ ಅಡಿಬರಹ ಇಬ್ಬರ ಜಗಳದ ಫಲ. ಇಬ್ಬರಿಗೂ ನಮಸ್ಕಾರ.

ಚೌಕಟ್ಟು ಹಾಕಿಕೊಟ್ಟ ಬಡಗಿ ಅಣ್ಣನಿಗೆ, ಕೊಠಡಿ ಬಿಟ್ಟುಕೊಟ್ಟ ಶಾಲೆಯವರಿಗೆ, ಮೂರು ಹೊತ್ತೂ ಚಹಾ ಕಾಯಿಸಿದ ನಮ್ಮ ಅತ್ತಿಗೆಗೆ ಋಣಿ. ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ ಎಂದು ಸಲಹೆ ಕೊಟ್ಟವರಿಗೂ ಕೃತಜ್ಞ. ಆ ಕೆಲಸ ಮಾತ್ರ ಮಾಡುವುದಿಲ್ಲ. ಮೋಡ ಮುಸುಕಿದ ದಿನದ ವೇದಾವತಿ ಯಾವ ಬಣ್ಣದಲ್ಲಿತ್ತೆಂದು ಯಂತ್ರಕ್ಕೆ ಏನು ಗೊತ್ತು?

ಕೊನೆಯ ದಿನ ಹೊಳೆದಂಡೆಯ ತೋಟದವರೊಬ್ಬರು ತಮ್ಮ ಮನೆಯ ಹಳೆಯ ಫೋಟೊಗಳನ್ನು ಬಿಸ್ಕತ್ತಿನ ಡಬ್ಬದಲ್ಲಿ ತಂದುಕೊಟ್ಟಿದ್ದಾರೆ. ದೀಪಾವಳಿಯೊಳಗೆ ಸ್ಕ್ಯಾನ್ ಮಾಡಿಸಿ ಹಿಂದಿರುಗಿಸುತ್ತೇನೆ. ನೀರಗಂಟಿಯವರು ಆಗಲೇ ಡಬ್ಬ ತೆರೆದು ನೋಡಿ, ಎರಡರ ಜಾಗ ಹೇಳಿಯೂ ಆಗಿದೆ.